ಧ್ವನಿಪುಸ್ತಕಗಳ ವ್ಯಾಪಾರ: ‘ಸ್ಥಳೀಯ’ವೆಂದರೆ ಯಾವುದು?

ಪುಸ್ತಕವನ್ನು ಕಣ್ಣಿನಿಂದ ಓದುವುದಕ್ಕೆ ಬದಲಾಗಿ ಕಿವಿಯಿಂದ ಕೇಳುವ ರೂಢಿ ಇಂದು ಅನೇಕ ಕುಟುಂಬಗಳನ್ನು ಪ್ರವೇಶಿಸಿದೆ. ದೃಷ್ಟಿ ಮಂದವಾದ ಹಿರಿಯರಿಗೆ, ಕಚೇರಿಗೆ ಗಂಟೆಗಟ್ಟಲೆ ಪ್ರಯಾಣ ಮಾಡುವ ಕಿರಿಯರಿಗೆ, ಕೈಗೆ ಕೆಲಸವಿದ್ದು ಮನಸ್ಸಿಗೆ ಬಿಡುವಿರುವ ಗೃಹಿಣಿಯರಿಗೆ ಆಡಿಯೊ ಬುಕ್ ಎಂಬ ಈ ಧ್ವನಿಪುಸ್ತಕ ನಿಜವಾದ ಉಪಕಾರವನ್ನೇ ಮಾಡಿದೆ. ಇದನ್ನು ಮಾರುವ ಸಂಸ್ಥೆಗಳಲ್ಲಿ ಅಮೆರಿಕದ ‘ಆಡಿಬಲ್’ ಅತ್ಯಂತ ಪ್ರಬಲವಾದುದು. ಅದರ ವ್ಯವಹಾರದ ರೀತಿ ಒಪ್ಪಿಗೆಯಾಗದೆ, ತಮ್ಮ ಊರಿನ ಪುಸ್ತಕದಂಗಡಿಗೆ ಅಥವಾ ಗ್ರಂಥಾಲಯಕ್ಕೆ ಹತ್ತಿರವಾದ ಪರ್ಯಾಯ ಮಾರ್ಗಗಳನ್ನು ಅರಸುವವರು ಆ ದೇಶದಲ್ಲಿಯೇ ಕಾಣಿಸಿಕೊಂಡಿದ್ದಾರೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಈ ಪ್ರಶ್ನೆ ಹೊರತಲ್ಲ.

ಈ ಅರಸುವಿಕೆ ಶ್ಲಾಘನೀಯವಾದುದು. ಆದರೆ ಇದರಲ್ಲಿ ಬಳಕೆಯಾಗುವ ‘ಸ್ಥಳೀಯ’ ಎಂಬ ಪದವನ್ನು ಸ್ವಲ್ಪ ನಿಷ್ಠುರವಾಗಿಯೇ ಪರಿಶೀಲಿಸಬೇಕಾಗಿದೆ. ಅಂಗಡಿಯ ವಿಳಾಸವನ್ನು ನೋಡಿ ಅದರ ನ್ಯಾಯವನ್ನು ಅಳೆಯಲು ಸಾಧ್ಯವಿಲ್ಲ. ಅದರ ಲೆಕ್ಕದ ಪುಸ್ತಕ ಯಾರಿಗೆ ತೆರೆದಿದೆ, ಹಣ ಕೊಟ್ಟು ಕೊಂಡ ವಸ್ತು ಕೊನೆಗೆ ಯಾರ ವಶದಲ್ಲಿ ಉಳಿಯುತ್ತದೆ ಎಂಬ ಎರಡು ವಿಚಾರಗಳನ್ನು ಕೇಳಿ ತಿಳಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಯುಕ್ತ. ವ್ಯಾಪಾರವನ್ನು ಕುಲವೃತ್ತಿಯಾಗಿ ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲು ಧ್ವನಿಪುಸ್ತಕ ಹುಟ್ಟಿದ ಬಗೆಯನ್ನು ನೋಡೋಣ. ಇದು ವ್ಯಾಪಾರಕ್ಕಾಗಿ ಹುಟ್ಟಿದ ವಸ್ತುವಲ್ಲ. ಅಮೆರಿಕದ ಸಂಸತ್ತು 1931ರಲ್ಲಿ ಅಂಧ ವಯಸ್ಕರಿಗೆ ಪುಸ್ತಕಗಳನ್ನು ಒದಗಿಸಲು ಶಾಸನ ಮಾಡಿ, ಆ ಹೊಣೆಯನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವಾದ ‘ಲೈಬ್ರರಿ ಆಫ್ ಕಾಂಗ್ರೆಸ್’ಗೆ ಒಪ್ಪಿಸಿತು. 1934ರ ವೇಳೆಗೆ ಗ್ರಾಮೋಫೋನ್ ತಟ್ಟೆಗಳ ಮೇಲೆ ಮುದ್ರಿಸಿದ ‘ಮಾತನಾಡುವ ಪುಸ್ತಕ’ಗಳು ಅಂಚೆಯ ಮೂಲಕ ಅಂಧರ ಮನೆಗಳನ್ನು ತಲುಪತೊಡಗಿದವು. ಬ್ರಿಟನ್ನಿನಲ್ಲಿ ಇಂಥದೇ ಸೇವೆ 1935ರಲ್ಲಿ ಮೊದಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ನೆನಪು ಆ ಕಾರ್ಯಕ್ಕೆ ಪ್ರೇರಣೆಯಾಗಿತ್ತು. ಒಂದು ಕಾದಂಬರಿಗೆ ಹತ್ತಾರು ತಟ್ಟೆಗಳು ಬೇಕಾಗುತ್ತಿದ್ದ ಕಾಲವದು. ಓದಿದವರ ಧ್ವನಿ, ಸರಕಾರದ ಅಥವಾ ದಾನಿಗಳ ದ್ರವ್ಯ, ಅಂಚೆಯ ಸೌಕರ್ಯ ಇಷ್ಟೂ ಕೂಡಿ ನಡೆದ ಕೆಲಸದಲ್ಲಿ ಲಾಭದ ಲೆಕ್ಕವೇ ಇರಲಿಲ್ಲ.

ಆಮೇಲೆ 1952ರಲ್ಲಿ ‘ಕೇಡ್ಮನ್’ ಎಂಬ ಸಂಸ್ಥೆಯನ್ನು ಕಟ್ಟಿದ ಇಬ್ಬರು ತರುಣಿಯರು ಕವಿಗಳ ವಾಚನವನ್ನು ತಟ್ಟೆಗಳಲ್ಲಿ ಮಾರಿದರು. 1970ರ ದಶಕದಲ್ಲಿ ಕ್ಯಾಸೆಟ್ಟುಗಳು ಬಾಡಿಗೆಗೆ ದೊರೆಯತೊಡಗಿದವು. 1995ರಲ್ಲಿ ಸ್ಥಾಪನೆಯಾದ ಆಡಿಬಲ್ ಸಂಸ್ಥೆಯನ್ನು 2008ರಲ್ಲಿ ಅಮೆಜಾನ್ ಸುಮಾರು 30 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಅಲ್ಲಿಂದ ಮುಂದಿನದು ಏಕಸ್ವಾಮ್ಯದ ಕಡೆಗೆ ನಡೆದ ಕಥೆ.

ಈಗ ‘ಸ್ಥಳೀಯ’ದ ವಿಚಾರ. ಆಡಿಬಲ್ ಸಂಸ್ಥೆಯ ಮುಖ್ಯ ಕಚೇರಿ 2007ರಿಂದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ನಗರದಲ್ಲಿದೆ. 1967ರ ಗಲಭೆಗಳ ತರುವಾಯ ಉದ್ಯೋಗಗಳನ್ನೂ ಜನರನ್ನೂ ಕಳೆದುಕೊಂಡು ಬಡವಾಗಿದ್ದ ಊರು ಅದು. ಸಂಪನ್ನರ ಉಪನಗರವನ್ನು ಆರಿಸಿಕೊಳ್ಳದೆ ಇಲ್ಲಿಗೆ ಬಂದು, ತನ್ನ ನೌಕರರು ಆ ಊರಿನಲ್ಲಿಯೇ ವಾಸಿಸಲೆಂದು ಬಾಡಿಗೆಗೆ ಸಹಾಯಧನ ಕೊಟ್ಟು, ಅಲ್ಲಿನ ಪ್ರೌಢಶಾಲೆಯ ಮಕ್ಕಳಿಗೆ ವೇತನಸಹಿತವಾದ ತರಬೇತಿ ನೀಡಿ, ಪಾಳುಬೀಳಲಿದ್ದ ಹಳೆಯ ಚರ್ಚೊಂದನ್ನು 2019ರಲ್ಲಿ ತನ್ನ ಕಾರ್ಯಾಲಯವನ್ನಾಗಿ ಜೀರ್ಣೋದ್ಧಾರ ಮಾಡಿದ ಸಂಸ್ಥೆ ಇದು. ನೆವಾರ್ಕಿನ ಆಸುಪಾಸಿನಲ್ಲಿ ಕನ್ನಡಿಗರೂ ಸೇರಿದಂತೆ ಭಾರತೀಯ ಕುಟುಂಬಗಳು ಬಹಳವಿವೆ. ಅವರ ಪಾಲಿಗೆ ಆಡಿಬಲ್ ಅಕ್ಷರಶಃ ಊರಿನ ಅಂಗಡಿ. ಅದೂ ಒಳ್ಳೆಯ ನೆರೆಹೊರೆಯ ಅಂಗಡಿ. ಅದನ್ನು ಬಿಟ್ಟು ದೇಶದ ಇನ್ನೊಂದು ತುದಿಯಲ್ಲಿರುವ ಸಿಯಾಟಲ್ ನಗರದ ಸಂಸ್ಥೆಯೊಂದರಿಂದ ಪುಸ್ತಕ ಕೊಳ್ಳುವವನನ್ನು ‘ಸ್ಥಳೀಯ’ವನ್ನು ಬೆಂಬಲಿಸಿದವನು ಎನ್ನುತ್ತೇವೆ! ಇದು ವಿರೋಧಾಭಾಸದಂತೆ ಕಂಡರೂ ನಿಜವಾಗಿ ಹಾಗಲ್ಲ. ಊರಿಗೆ ದಾನ ಮಾಡುವುದು ಒಂದು ಗುಣ. ತನ್ನೊಡನೆ ವ್ಯವಹರಿಸುವವರಿಗೆ ಸರಿಯಾದ ಲೆಕ್ಕ ಕೊಡುವುದು ಇನ್ನೊಂದು ಗುಣ. ಮೊದಲನೆಯದು ಎರಡನೆಯದರ ಕೊರತೆಯನ್ನು ತುಂಬಿಕೊಡಲಾರದು. ತೂಕದಲ್ಲಿ ಉಳಿಸಿದ ಹಣದಿಂದ ಛತ್ರ ಕಟ್ಟಿಸಿದ ವರ್ತಕನ ವಿಚಾರದಲ್ಲಿ ನಮ್ಮ ಹಿರಿಯರಿಗಿದ್ದ ಅಭಿಪ್ರಾಯ ಎಲ್ಲರಿಗೂ ತಿಳಿದದ್ದೇ.

ಲೆಕ್ಕದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಡೀ ವಿವಾದದ ಹೃದಯ ಅಲ್ಲಿದೆ. ಲೇಖಕರೂ ಚಿಕ್ಕ ಪ್ರಕಾಶಕರೂ ತಮ್ಮ ಪುಸ್ತಕಗಳನ್ನು ಧ್ವನಿರೂಪಕ್ಕೆ ತರಲೆಂದು ಆಡಿಬಲ್ 2011ರಲ್ಲಿ ‘ಎ.ಸಿ.ಎಕ್ಸ್.’ ಎಂಬ ಏರ್ಪಾಟನ್ನು ಆರಂಭಿಸಿತು. ಆಗ ತನ್ನಲ್ಲಿ ಮಾತ್ರ ಮಾರಲು ಒಪ್ಪಿದವರಿಗೆ ನೂರಕ್ಕೆ 50ರಿಂದ ಮೊದಲ್ಗೊಂಡು, ಮಾರಾಟ ಏರಿದಂತೆ 90ರವರೆಗೆ ರಾಯಲ್ಟಿ ಕೊಡುವ ಮಾತಿತ್ತು. ಬರೆಯುವವರು, ಓದುವವರು ಸಾಕಷ್ಟು ಸಂಖ್ಯೆಯಲ್ಲಿ ಒಳಗೆ ಬಂದ ಮೇಲೆ, 2014ರಲ್ಲಿ, ಹೊಸ ಪುಸ್ತಕಗಳಿಗೆ ಅದು ನೂರಕ್ಕೆ 40ಕ್ಕೆ ಇಳಿಯಿತು; ಬೇರೆಡೆಯೂ ಮಾರುವ ಸ್ವಾತಂತ್ರ್ಯ ಬೇಕೆಂದವರಿಗೆ 25 ಮಾತ್ರ. ಲೇಖಕ ಮತ್ತು ಪುಸ್ತಕವನ್ನು ಓದಿ ಧ್ವನಿ ಕೊಟ್ಟ ಕಲಾವಿದ ಪಾಲುಗಾರಿಕೆಯಲ್ಲಿ ಕೆಲಸ ಮಾಡಿದ್ದರೆ ಆ 40ರಲ್ಲಿ ಇಬ್ಬರಿಗೂ 20, 20. ಉಳಿದ 60 ಅಂಗಡಿಯದಾಗಿತ್ತು. ಕಾಗದವಿಲ್ಲ, ಮುದ್ರಣವಿಲ್ಲ, ಸಾಗಾಣಿಕೆಯಿಲ್ಲ, ಗೋದಾಮಿನ ಬಾಡಿಗೆಯಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಇದಕ್ಕಿಂತ ಗಂಭೀರವಾದುದು ಹಿಂದಿರುಗಿಸುವಿಕೆಯ ಪ್ರಕರಣ. ತನ್ನ ಸದಸ್ಯರು ಒಂದು ಪುಸ್ತಕವನ್ನು ಕೊಂಡು, ಕೊನೆಯವರೆಗೆ ಕೇಳಿ, 365 ದಿನಗಳೊಳಗೆ ಹಿಂದಿರುಗಿಸಿದರೂ ಅದಕ್ಕೆ ಬದಲು ಇನ್ನೊಂದನ್ನು ಪಡೆಯಬಹುದೆಂದು ಆಡಿಬಲ್ ಉದಾರವಾಗಿ ಪ್ರಚಾರ ಮಾಡಿತು. ಹೀಗೆ ಹಿಂದಿರುಗಿದ ಪ್ರತಿಯೊಂದು ಪುಸ್ತಕದ ರಾಯಲ್ಟಿಯನ್ನೂ ಲೇಖಕರ ಮತ್ತು ಓದಿದವರ ಖಾತೆಯಿಂದ ಕಳೆಯಲಾಗುತ್ತಿತ್ತು. ಅವರಿಗೆ ಕಳುಹಿಸುವ ಪಟ್ಟಿಯಲ್ಲಿ ನಿವ್ವಳ ಮೊತ್ತ ಮಾತ್ರ ಕಾಣುತ್ತಿತ್ತೇ ಹೊರತು ಎಷ್ಟು ಮಾರಾಟವಾಯಿತು, ಎಷ್ಟು ಹಿಂದಿರುಗಿತು ಎಂಬ ವಿವರ ಇರುತ್ತಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಲೆಕ್ಕದ ಯಂತ್ರವ್ಯವಸ್ಥೆಯಲ್ಲಿ ಉಂಟಾದ ಒಂದು ದೋಷದಿಂದ ಈ ಕಡಿತಗಳ ಪ್ರಮಾಣ ಹೊರಬಿದ್ದಿತು. ಲೇಖಕರ ಸಂಘಗಳು ಪ್ರತಿಭಟಿಸಿದವು. 2021ರ ಜನವರಿ 1ರಿಂದ, ಕೊಂಡು 7 ದಿನಗಳಾದ ಮೇಲೆ ಹಿಂದಿರುಗಿಸಿದ ಪುಸ್ತಕಗಳಿಗೆ ರಾಯಲ್ಟಿಯನ್ನು ಕಡಿಯುವುದಿಲ್ಲವೆಂದು ಸಂಸ್ಥೆ ಒಪ್ಪಬೇಕಾಯಿತು.

ಜವಳಿ ಅಂಗಡಿಯವನೊಬ್ಬ, ಉಟ್ಟು ಒಗೆದ ಸೀರೆಯನ್ನು ವರ್ಷದೊಳಗೆ ತಂದರೂ ಬದಲು ಸೀರೆ ಕೊಡುವೆನೆಂದು ಬೋರ್ಡು ಹಾಕಿ, ಆ ನಷ್ಟವನ್ನು ನೇಕಾರನ ಖಾತೆಗೆ ಖರ್ಚು ಬರೆದು, ಖಾತೆಯ ಆ ಪುಟವನ್ನು ಅವನಿಗೆ ತೋರಿಸದಿದ್ದರೆ ನಾವು ಏನೆನ್ನುತ್ತೇವೆ? ಔದಾರ್ಯದ ಹೆಸರು ಅಂಗಡಿಯವನಿಗೆ, ವೆಚ್ಚ ನೇಕಾರನಿಗೆ. ಅದನ್ನು ಅರಿಯದೆ ಸೀರೆ ಬದಲಾಯಿಸಿಕೊಂಡ ಗಿರಾಕಿಯಲ್ಲಿ ದೋಷವಿಲ್ಲ. ಅರಿತ ಮೇಲೂ ಬದಲಾಯಿಸಿಕೊಳ್ಳುವವನ ಮಾತು ಬೇರೆ.

ಈ ಬಗೆಯ ವ್ಯವಹಾರವನ್ನು ಹೆಸರಾಂತ ಲೇಖಕರೇ ಎದುರಿಸಿದ್ದು ಒಂದು ಶುಭಸೂಚನೆ. ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ 2022ರಲ್ಲಿ ಓದುಗರಿಂದಲೇ ಮುಂಗಡ ಹಣ ಸಂಗ್ರಹಿಸಿ ಪ್ರಕಟಿಸಿದ ನಾಲ್ಕು ಕಾದಂಬರಿಗಳ ಧ್ವನಿಪುಸ್ತಕಗಳನ್ನು ಆಡಿಬಲ್‌ಗೆ ಕೊಡದೆ ತಡೆಹಿಡಿದರು. ಇತರ ಡಿಜಿಟಲ್ ವ್ಯಾಪಾರಗಳಲ್ಲಿ ಸೃಷ್ಟಿಕರ್ತನಿಗೆ ನೂರಕ್ಕೆ 70 ಸಲ್ಲುವಾಗ ಇಲ್ಲಿ ಮಾತ್ರ ಅದು ತಲೆಕೆಳಗಾಗಿದೆಯೆಂಬುದು ಅವರ ಆಕ್ಷೇಪವಾಗಿತ್ತು. ಸಂಸ್ಥೆ 2024ರಲ್ಲಿ ತನ್ನ ದರಗಳನ್ನು ಪರಿಷ್ಕರಿಸುವುದಾಗಿ ಘೋಷಿಸಿತು. ಬಲಶಾಲಿಯಾದ ಲೇಖಕನೊಬ್ಬ ತನ್ನ ಲಾಭವನ್ನು ಬದಿಗಿಟ್ಟು ನಿಂತಾಗ ಚಿಕ್ಕವರಿಗೂ ದಾರಿ ತೆರೆಯಿತು ಎಂಬುದು ಗಮನಾರ್ಹ.

ಎರಡನೆಯ ಪ್ರಶ್ನೆ, ಕೊಂಡ ವಸ್ತು ಯಾರದು ಎಂಬುದು. ಆಡಿಬಲ್‌ನಿಂದ ಕೊಂಡ ಪುಸ್ತಕಕ್ಕೆ ‘ಡಿ.ಆರ್.ಎಂ.’ ಎಂಬ ಡಿಜಿಟಲ್ ಬೀಗ ಹಾಕಿರುತ್ತಾರೆ. ಅದು ಆ ಸಂಸ್ಥೆ ಒಪ್ಪಿದ ಆ್ಯಪ್ ಮತ್ತು ಉಪಕರಣಗಳಲ್ಲಿ ಮಾತ್ರ ತೆರೆಯುತ್ತದೆ. ನಾವು ಕೊಂಡದ್ದು ಪುಸ್ತಕವನ್ನಲ್ಲ, ಕೇಳುವ ಅನುಮತಿಯನ್ನು. ಅನುಮತಿ ಕೊಟ್ಟವನು ಅದನ್ನು ಹಿಂದಕ್ಕೆ ಪಡೆಯಬಲ್ಲನೆಂಬುದು ಕೇವಲ ಊಹೆಯಲ್ಲ. 2009ರಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿನ ತೊಡಕೊಂದರ ಕಾರಣದಿಂದ, ಜಾರ್ಜ್ ಆರ್ವೆಲ್ಲನ ‘1984’ರ ಪ್ರತಿಗಳನ್ನು ಕೊಂಡವರ ಓದುಯಂತ್ರಗಳಿಂದ ಅವರಿಗೆ ತಿಳಿಸದೆಯೇ ಅಳಿಸಿಹಾಕಿತ್ತು. ಹಣವನ್ನು ಹಿಂದಿರುಗಿಸಿತು, ಕ್ಷಮೆಯನ್ನೂ ಕೇಳಿತು. ಆದರೆ ಅಂಗಡಿಯವನು ರಾತ್ರಿ ಮನೆಯೊಳಗೆ ಬಂದು ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋಗಬಲ್ಲ ಎಂಬುದು ಅಂದಿಗೆ ಸಿದ್ಧವಾಯಿತು. ಲೇಖಕ ಕೋರಿ ಡಾಕ್ಟರೊವ್ ಈ ಬೀಗದ ಕಾರಣಕ್ಕಾಗಿಯೇ ತಮ್ಮ ಕೃತಿಗಳನ್ನು ಆಡಿಬಲ್‌ನಲ್ಲಿ ಮಾರುವುದಿಲ್ಲ. 2020ರಲ್ಲಿ ಅವರು ತಮ್ಮ ಕಾದಂಬರಿಯೊಂದರ ಧ್ವನಿರೂಪವನ್ನು ಓದುಗರಿಗೆ ನೇರವಾಗಿ ಮಾರಿ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿದರು.

ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಪ್ರತಿಗಳು ಪಡೆದವರ ಸ್ವತ್ತಾದವು, ಓಲೆಗರಿಗೆ ಬೀಗವಿರಲಿಲ್ಲ ಎಂಬುದನ್ನು ಪ್ರಸ್ತುತ ಸಂದರ್ಭದಲ್ಲಿ ಸ್ಮರಿಸಿದರೆ ಸಾಕು.

ಪರ್ಯಾಯಗಳಲ್ಲಿ ಮುಖ್ಯವಾದುದು ಮೇಲೆ ಸೂಚಿಸಿದ ಸಿಯಾಟಲ್ ನಗರದ ‘ಲಿಬ್ರೊ ಎಫ್.ಎಂ.’ ಗ್ರಾಹಕನು ಇಲ್ಲಿ ತನ್ನ ಮೆಚ್ಚಿನ ಸ್ವತಂತ್ರ ಪುಸ್ತಕದಂಗಡಿಯೊಂದನ್ನು ಆರಿಸಿಕೊಳ್ಳುತ್ತಾನೆ. ಅವನ ಖರೀದಿಯ ಲಾಭದಲ್ಲಿ ಒಂದು ಪಾಲು ಆ ಅಂಗಡಿಗೆ ಸಲ್ಲುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳು ಈ ಏರ್ಪಾಟಿನಲ್ಲಿವೆ. ಪುಸ್ತಕಗಳಿಗೆ ಬೀಗವಿಲ್ಲ. ಸಾಮಾನ್ಯ ಎಂ.ಪಿ.3 ಕಡತಗಳಾಗಿ ಇಳಿಸಿಕೊಂಡು ನಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ನಾಳೆ ಆ ಸಂಸ್ಥೆಯೇ ಮುಚ್ಚಿಹೋದರೂ ಪುಸ್ತಕ ನಮ್ಮಲ್ಲಿ ಉಳಿಯುತ್ತದೆ. ಸಂಸ್ಥೆಯು ಸಾಮಾಜಿಕ ಉದ್ದೇಶವನ್ನು ತನ್ನ ನಿಬಂಧನೆಗಳಲ್ಲಿಯೇ ಬರೆದುಕೊಂಡಿರುವ ಬಗೆಯದು. ನಮ್ಮ ಎರಡೂ ಪ್ರಶ್ನೆಗಳಿಗೆ ಇದು ಬಹುಮಟ್ಟಿಗೆ ಸಮಾಧಾನಕರವಾದ ಉತ್ತರ ಕೊಡುತ್ತದೆ.

ಆದರೂ ಹೊಗಳಿಕೆಗೆ ಒಂದು ಮಿತಿ ಇರಬೇಕು. ಆಡಿಬಲ್ ತಾನೇ ಸಿದ್ಧಪಡಿಸಿ ತನ್ನಲ್ಲಿಯೇ ಇರಿಸಿಕೊಂಡ ಕೃತಿಗಳು ಇಲ್ಲಿ ದೊರೆಯುವುದಿಲ್ಲ. ‘ಈ ಪುಸ್ತಕ ಅಲ್ಲಿ ಮಾತ್ರ ಇದೆ’ ಎಂಬ ಸಬೂಬು ಮನುಷ್ಯನನ್ನು ಮತ್ತೆ ಹಳೆಯ ಅಂಗಡಿಗೆ ಎಳೆಯುತ್ತದೆ. ಇಲ್ಲಿ ಗ್ರಾಹಕನ ಸಂಯಮವೇ ಪರೀಕ್ಷೆಗೆ ಒಳಗಾಗುತ್ತದೆ. ಬೇಕೆನಿಸಿದ್ದೆಲ್ಲ ಬೇಕೆನಿಸಿದ ಗಳಿಗೆಯಲ್ಲಿ ದೊರೆಯಬೇಕೆಂಬ ಅಭ್ಯಾಸವನ್ನು ದೊಡ್ಡ ಅಂಗಡಿಯೇ ನಮಗೆ ಕಲಿಸಿದೆ. ಇನ್ನೊಂದು ಮಾತು: ಊರಿನ ಅಂಗಡಿಗೆ ಸಲ್ಲುವ ಪಾಲು ಒಂದು ರೀತಿಯ ದಲ್ಲಾಳಿ. ಅಂಗಡಿಯ ಹಲಗೆಗಳ ನಡುವೆ ನಿಂತು, ‘ಇದನ್ನು ಓದಿ ನೋಡಿ’ ಎಂದು ಕೈಗಿಡುವ ಅಂಗಡಿಯವರ ವಿವೇಕಕ್ಕೆ ಅದು ಸಮನಾಗದು. ಆ ಅಂಗಡಿಯ ಬಾಗಿಲನ್ನು ಎಂದೂ ತುಳಿಯದೆ, ಪಟ್ಟಿಯಲ್ಲಿ ಅದರ ಹೆಸರನ್ನು ಗುರುತುಹಾಕಿದಷ್ಟರಿಂದಲೇ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸುಲಭದ ಸಮಾಧಾನ.

ಸಂಗೀತಕ್ಕೆ ಹೆಸರಾದ ‘ಸ್ಪಾಟಿಫೈ’ 2023ರಿಂದ ಕೆಲವು ದೇಶಗಳಲ್ಲಿ ತನ್ನ ಚಂದಾದಾರರಿಗೆ ತಿಂಗಳಿಗೆ 15 ಗಂಟೆಗಳ ಧ್ವನಿಪುಸ್ತಕವನ್ನು ಸೇರಿಸಿಕೊಟ್ಟಿದೆ. ಆಡಿಬಲ್‌ಗೆ ಎದುರಾಳಿ ಹುಟ್ಟಿದನೆಂದು ಕೆಲವರಿಗೆ ಹರ್ಷ. ಪುಸ್ತಕವನ್ನು ಗಂಟೆಗಳಿಂದ ಅಳೆದು ಕೊಡುವ ಈ ಪದ್ಧತಿಯಲ್ಲಿ ಕೊಳ್ಳುವುದೆಂಬ ಕ್ರಿಯೆಯೇ ಇಲ್ಲವಾದ್ದರಿಂದ ನಮ್ಮ ಪ್ರಶ್ನೆಗೆ ಇದು ಉತ್ತರವಲ್ಲ. ಒಬ್ಬ ಸಾಹುಕಾರನ ಬದಲು ಇಬ್ಬರಾದರು, ಅಷ್ಟೆ.

ಹಾಗಾದರೆ ಗ್ರಂಥಾಲಯ? ಅಮೆರಿಕದ ಊರೂರುಗಳ ಸಾರ್ವಜನಿಕ ಗ್ರಂಥಾಲಯಗಳು ‘ಲಿಬ್ಬಿ’ ಎಂಬ ಆ್ಯಪ್ ಮೂಲಕ ಧ್ವನಿಪುಸ್ತಕಗಳನ್ನು ಶುಲ್ಕವಿಲ್ಲದೆ ಎರವಲು ಕೊಡುತ್ತವೆ. ಮಿತವ್ಯಯದ ದೃಷ್ಟಿಯಿಂದಲೂ ಹಂಚಿಕೊಂಡು ಬಳಸುವ ದೃಷ್ಟಿಯಿಂದಲೂ ಇದು ಮೇಲಾದ ದಾರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಇಲ್ಲಿಯೂ ಒಳಗಿನ ಕಟ್ಟಡವನ್ನು ಇಣುಕಿ ನೋಡಬೇಕು. ಲಿಬ್ಬಿ ಇರುವುದು ‘ಓವರ್‌ಡ್ರೈವ್’ ಎಂಬ ಸಂಸ್ಥೆಯ ಕೈಯಲ್ಲಿ; ಆ ಸಂಸ್ಥೆಯನ್ನು 2020ರಲ್ಲಿ ಕೊಂಡದ್ದು ‘ಕೆ.ಕೆ.ಆರ್.’ ಎಂಬ ಬೃಹತ್ ಹೂಡಿಕೆದಾರ ಸಂಸ್ಥೆ. ಊರಿನ ಗ್ರಂಥಾಲಯದ ಮುಖ, ಹಿಂದೆ ಬಂಡವಾಳದ ಬೆನ್ನು. ಮುದ್ರಿತ ಪುಸ್ತಕವನ್ನು ಒಮ್ಮೆ ಕೊಂಡ ಗ್ರಂಥಾಲಯ ಅದು ಹರಿದುಹೋಗುವವರೆಗೆ ಎರವಲು ಕೊಡಬಹುದು. ಧ್ವನಿಪುಸ್ತಕದ ವಿಷಯದಲ್ಲಾದರೋ ಅನೇಕ ಪ್ರಕಾಶಕರು ನಿರ್ದಿಷ್ಟ ಅವಧಿಯ ಪರವಾನಗಿಯನ್ನಷ್ಟೇ ಮಾರುತ್ತಾರೆ. ಅವಧಿ ಮುಗಿದರೆ ಮತ್ತೆ ಹಣ ತೆರಬೇಕು. ಗ್ರಂಥಾಲಯಗಳಿಗೆ ನ್ಯಾಯವಾದ ನಿಬಂಧನೆಗಳ ಮೇಲೆ ಪರವಾನಗಿ ಕೊಡಬೇಕೆಂದು ಮೇರಿಲ್ಯಾಂಡ್ ರಾಜ್ಯ 2021ರಲ್ಲಿ ಕಾನೂನು ಮಾಡಿತು. ಪ್ರಕಾಶಕರು ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ಅದು ಬಿದ್ದುಹೋಯಿತು. ಊರಿನ ಜನರ ತೆರಿಗೆಯಿಂದ ನಡೆಯುವ ಗ್ರಂಥಾಲಯವೂ ಬಾಡಿಗೆದಾರನಾಗಿದೆ ಎಂದರೆ ‘ಸ್ಥಳೀಯ’ ಎಂಬ ಮಾತು ಎಷ್ಟು ಪೊಳ್ಳಾಗಬಲ್ಲದೆಂಬುದು ತಿಳಿಯುತ್ತದೆ.

ಬೀಗವೂ ಇಲ್ಲದ, ಬಾಡಿಗೆಯೂ ಇಲ್ಲದ ಒಂದು ದಾರಿ ‘ಲಿಬ್ರಿವಾಕ್ಸ್’ನದು. ಕೆನಡಾದ ಮಾಂಟ್ರಿಯಲ್ ನಗರದ ಹ್ಯೂ ಮೆಗ್ವೈರ್ 2005ರಲ್ಲಿ ಆರಂಭಿಸಿದ ಈ ಕಾರ್ಯದಲ್ಲಿ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು ಮನೆಗಳಲ್ಲಿ ಕುಳಿತು ಓದಿ, ಆ ಧ್ವನಿಮುದ್ರಣವನ್ನೂ ಸಾರ್ವಜನಿಕರ ಸ್ವತ್ತಾಗಿ ಬಿಟ್ಟುಕೊಡುತ್ತಾರೆ. ಓದಿನ ಗುಣಮಟ್ಟ ಏಕರೂಪವಲ್ಲ. ಒಂದೇ ಕಾದಂಬರಿಯ ಅಧ್ಯಾಯದಿಂದ ಅಧ್ಯಾಯಕ್ಕೆ ಧ್ವನಿ ಬದಲಾಗುವುದುಂಟು, ಹಿನ್ನೆಲೆಯಲ್ಲಿ ನಾಯಿ ಬೊಗಳುವುದೂ ಉಂಟು. ಓದುಗಾರಿಕೆ ಒಂದು ಕಲೆ, ಅದಕ್ಕೆ ಸಂಭಾವನೆ ಸಲ್ಲಬೇಕೆಂಬ ವಾದದಲ್ಲಿ ಹುರುಳಿದೆ. ಸೇವೆಯ ಹೆಸರಿನಲ್ಲಿ ಕಲಾವಿದನ ಹೊಟ್ಟೆಯನ್ನು ಮರೆಯಲಾಗದು. ಆದರೆ ಯಂತ್ರದ ಧ್ವನಿಯಲ್ಲಿ ಓದಿಸಿದ ಪುಸ್ತಕಗಳು ಮಾರುಕಟ್ಟೆಯನ್ನು ತುಂಬುತ್ತಿರುವ ಈ ದಿನಗಳಲ್ಲಿ, ತಡವರಿಸಿದರೂ ಅರ್ಥ ಬಲ್ಲ ಮನುಷ್ಯನೊಬ್ಬ ಪ್ರೀತಿಯಿಂದ ಓದಿದ್ದನ್ನು ಕೇಳುವುದು ಹಿತವೆಂದು ನಮಗೆ ತೋರುತ್ತದೆ.

ಈ ಮಾದರಿ ಕನ್ನಡಕ್ಕೆ ಹೊಂದುವಂಥದು. ನಮ್ಮ ದೇಶದಲ್ಲಿ ಲೇಖಕನ ಮರಣಾನಂತರ 60 ವರ್ಷಗಳಿಗೆ ಹಕ್ಕುಸ್ವಾಮ್ಯ ಮುಗಿಯುತ್ತದೆ. 1901ರಲ್ಲಿ ತೀರಿಕೊಂಡ ಮುದ್ದಣನ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಕಂಠಯ್ಯನವರ ಬರಹಗಳನ್ನು ಓದಿ ಧ್ವನಿಮುದ್ರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಮುದ್ದಣನ ‘ಶ್ರೀರಾಮಾಶ್ವಮೇಧ’ವಂತೂ ಪತಿಯು ಪತ್ನಿಗೆ ಹೇಳಿ ಕೇಳಿಸುವ ಕಥೆಯಾಗಿಯೇ ರಚಿತವಾದ ಗದ್ಯ, ಕಿವಿಗೆಂದೇ ಬರೆದದ್ದು.

ಹೊಸ ಬರಹಗಳ ವಿಷಯದಲ್ಲಿ, 2020ರಲ್ಲಿ ಆರಂಭವಾದ ಬೆಂಗಳೂರಿನ ‘ಮೈಲ್ಯಾಂಗ್ ಬುಕ್ಸ್’ ಕನ್ನಡದ ಧ್ವನಿಪುಸ್ತಕಗಳನ್ನು ಮಾರುತ್ತ ಬಂದಿದೆ. ದೊಡ್ಡ ಸಂಸ್ಥೆಗಳ ಪಟ್ಟಿಯಲ್ಲಿ ಕನ್ನಡ ಮೂಲೆಯ ಸರಕಾಗಿರುವಾಗ, ಕನ್ನಡವನ್ನೇ ಮುಂದಿಟ್ಟುಕೊಂಡು ತೆರೆದ ಅಂಗಡಿಗೆ ಬೆಂಬಲ ನ್ಯಾಯವಾದುದು. ನೆವಾರ್ಕಿನ ಸಂಸ್ಥೆಗೆ ಕೇಳಿದ ಎರಡು ಪ್ರಶ್ನೆಗಳನ್ನು ಇಂಥ ನಮ್ಮ ಅಂಗಡಿಗಳಿಗೂ ಅಷ್ಟೇ ಸ್ಪಷ್ಟವಾಗಿ ಕೇಳಬೇಕು. ‘ನಮ್ಮವರು’ ಎಂಬ ಕಾರಣಕ್ಕೆ ಲೆಕ್ಕ ಕೇಳದಿರುವುದು ದಾಕ್ಷಿಣ್ಯವೇ ಹೊರತು ವಿಶ್ವಾಸವಲ್ಲ.

ಬಸದಿಗಳ ಆಡಳಿತ ಟ್ರಸ್ಟುಗಳಿಗೆ ಇದರಲ್ಲಿ ನೇರವಾದ ಸಂಬಂಧವಿದೆ. ಗ್ರಂಥಪ್ರಕಟಣೆ ಮಾಡುವ ಟ್ರಸ್ಟುಗಳ ಮುಂದೆ, ತಮ್ಮ ಪುಸ್ತಕಗಳನ್ನು ಧ್ವನಿರೂಪಕ್ಕೆ ತರುವ ಪ್ರಸ್ತಾಪಗಳು ಇಂದಲ್ಲ ನಾಳೆ ಬರಲಿವೆ. ಖರ್ಚಿಲ್ಲದೆ ಧ್ವನಿಮುದ್ರಣ ಮಾಡಿಕೊಡುವೆವು, ಹಕ್ಕನ್ನು ಮಾತ್ರ ನಮಗೊಬ್ಬರಿಗೇ ಬರೆದುಕೊಡಿ ಎಂಬ ಒಪ್ಪಂದ ಆಕರ್ಷಕವಾಗಿ ಕಾಣುತ್ತದೆ. ಸಹಿ ಹಾಕುವ ಮೊದಲು, ಮೂಲ ಧ್ವನಿಕಡತದ ಒಂದು ಬೀಗವಿಲ್ಲದ ಪ್ರತಿ ಟ್ರಸ್ಟಿನ ಕೈಸೇರುವುದೇ, ಏಕಸ್ವಾಮ್ಯದ ಅವಧಿ ಎಷ್ಟು ವರ್ಷ, ಮಾರಾಟದ ಪೂರ್ಣ ವಿವರ ಎಷ್ಟು ತಿಂಗಳಿಗೊಮ್ಮೆ ದೊರೆಯುವುದು, ಓದಿದವರಿಗೆ ಏನು ಸಲ್ಲುವುದು ಎಂಬುದನ್ನು ಲಿಖಿತವಾಗಿ ಪಡೆಯುವುದು ಅವಶ್ಯ. ದಾನಿಗಳ ಹಣದಿಂದ ಅಚ್ಚಾದ ಪುಸ್ತಕದ ಧ್ವನಿಯನ್ನು ಒಬ್ಬ ವ್ಯಾಪಾರಿಯ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈ ಅವನಿಗೇ ಕೊಡಲು ಟ್ರಸ್ಟಿಗಳಿಗೆ ಅಧಿಕಾರವಿದೆಯೇ ಎಂಬುದೇ ವಿಚಾರಣೀಯ.

ಧ್ವನಿಪುಸ್ತಕ ಯಾರಿಗಾಗಿ ಹುಟ್ಟಿತೋ ಅವರ ಸೇವೆ ನಮ್ಮಲ್ಲಿಯೂ ನಿಂತಿಲ್ಲ. ಬೆಂಗಳೂರಿನ ‘ಮಿತ್ರ ಜ್ಯೋತಿ’ 1990ರಿಂದ ದೃಷ್ಟಿಹೀನರಿಗಾಗಿ ದುಡಿಯುತ್ತಿದ್ದು, ಅದರ ಧ್ವನಿಗ್ರಂಥಾಲಯಕ್ಕೆ ಸ್ವಯಂಸೇವಕರು ಪುಸ್ತಕಗಳನ್ನು ಓದಿಕೊಡುತ್ತ ಬಂದಿದ್ದಾರೆ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ರಾಷ್ಟ್ರಮಟ್ಟದ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ಅಂಗವೈಕಲ್ಯವುಳ್ಳವರಿಗಾಗಿ ಲಾಭವಿಲ್ಲದೆ ಇಂಥ ಪ್ರತಿಗಳನ್ನು ಮಾಡಲು ಪ್ರಕಾಶಕರ ಅನುಮತಿ ಬೇಕಿಲ್ಲ. ಇದೇ ಉದ್ದೇಶದ 2013ರ ಮರಾಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ತಡೆಯದಿದ್ದರೂ ಕೆಲಸ ನಿಧಾನ, ಏಕೆಂದರೆ ಮುದ್ರಿತ ಪುಟಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ, ತಪ್ಪು ತಿದ್ದಿ ಸಿದ್ಧಪಡಿಸಬೇಕು. ಅಚ್ಚಿಗೆ ಹೋದ ಅದೇ ಡಿಜಿಟಲ್ ಕಡತದ ಒಂದು ಪ್ರತಿಯನ್ನು, ಪುಸ್ತಕ ಬಿಡುಗಡೆಯಾದ ದಿನವೇ, ಇಂಥ ಗ್ರಂಥಾಲಯಕ್ಕೆ ಕಳುಹಿಸುವುದು ಟ್ರಸ್ಟಿನ ಗುಮಾಸ್ತರಿಗೆ ಅರ್ಧ ಗಂಟೆಯ ಕೆಲಸ; ಅದರಿಂದ ಅಲ್ಲಿನ ಸ್ವಯಂಸೇವಕರಿಗೆ ವಾರಗಳ ಶ್ರಮ ಉಳಿಯುತ್ತದೆ.